ಕಿಟೆಲ್: ಬಿತ್ತೋಕೆ ಬಂದು ಕೇಳೋಕೆ ಕೂತವರು

ಮುಧೋಳ, ಜಮಖಂಡಿ, ಬೀಳಗಿ ಕಡೆಯ ಎರಿ ಹೊಲ ನೋಡಿದವರಿಗೆ ಇದು ಗೊತ್ತಿರೋ ಮಾತೇ: ಬೀಜ ಎಷ್ಟೇ ಒಳ್ಳೇದಿರಲಿ, ಹೊಲ ಹಸನಾಗಿರದಿದ್ರೆ ಬೆಳೆ ಬರೋದಿಲ್ಲ. ಯೇಸು ಹೇಳಿದ ಬಿತ್ತುವವನ ಕಥೆಯೂ ಇದನ್ನೇ ಹೇಳುತ್ತದೆ. ದಾರಿ ಮೇಲೆ ಬಿದ್ದ ಬೀಜ ಹಕ್ಕಿಗಳ ಪಾಲಾಯಿತು, ಕಲ್ಲುನೆಲದ್ದು ಮೊಳೆತು ಒಣಗಿತು, ಮುಳ್ಳಿನ ನಡುವಿನದು ಉಸಿರುಗಟ್ಟಿತು. ಒಳ್ಳೆ ನೆಲಕ್ಕೆ ಬಿದ್ದದ್ದು ಮಾತ್ರ ಮೂವತ್ತು, ಅರವತ್ತು, ನೂರು ಪಟ್ಟು ಫಲ ಕೊಟ್ಟಿತು. ಬೀಜ ಅಂದ್ರೆ ದೇವರ ವಾಕ್ಯ, ನೆಲ ಅಂದ್ರೆ ಕೇಳುವವರ ಹೃದಯ.

ಈ ಬೀಜ ಬಿತ್ತಬೇಕೆಂದೇ ನಮ್ಮ ನಾಡಿಗೆ ಬಂದವರು ಫರ್ಡಿನಾಂಡ್ ಕಿಟೆಲ್. 1832ರಲ್ಲಿ ಜರ್ಮನಿಯ ಉತ್ತರ ಕರಾವಳಿಯ ಪಾದ್ರಿಯೊಬ್ಬರ ಮನೆಯಲ್ಲಿ ಹುಟ್ಟಿದರು. ಬಾಸೆಲ್ ಮಿಷನ್ನಿನಲ್ಲಿ ತರಬೇತಿ ಪಡೆದು 1853ರಲ್ಲಿ ಇಲ್ಲಿಗೆ ಬಂದಾಗ ವಯಸ್ಸು 21, ಹೆಚ್ಚುಕಡಿಮೆ ನಮ್ಮ ಫೈನಲ್ ಇಯರ್‌ನವರದ್ದೇ. ಆ ಹೊತ್ತಿಗಾಗಲೇ ಮಿಷನ್ನು ಧಾರವಾಡ, ಹುಬ್ಬಳ್ಳಿ ದಾಟಿ, ರಬಕವಿ-ಬನಹಟ್ಟಿಯಂತೆಯೇ ಮಗ್ಗದ ಊರಾದ ಗುಳೇದಗುಡ್ಡದವರೆಗೂ ಬಂದಿತ್ತು.

ಬಂದ ಕೆಲಸ ಉಪದೇಶ. ಆದರೆ ಜನರ ಮಾತೇ ತಿಳಿಯದೆ ಅವರ ಹೃದಯಕ್ಕೆ ಯಾವ ವಾಕ್ಯ ಇಳಿದೀತು? ಹಾಗಾಗಿ ಕಿಟೆಲ್ ಮೊದಲು ಕೇಳೋಕೆ ಕೂತರು. ಕನ್ನಡ ಕಲಿತರು, ಸಂಸ್ಕೃತ ಓದಿದರು, ಪಂಡಿತರ ಮುಂದೆ ವಿದ್ಯಾರ್ಥಿಯಾದರು, ಊರ ಜನರ ಮಾತಿಗೆ ಕಿವಿಗೊಟ್ಟರು. ಉಪದೇಶ ಬಿಟ್ಟು ಇದೇನು ಓದು ಅಂತ ಮಿಷನ್ನಿನೊಳಗೇ ಅಸಮಾಧಾನವಿತ್ತು. ಅವರು ಬಿಡಲಿಲ್ಲ. 1862ರಲ್ಲಿ ಯೇಸುವಿನ ಜೀವನವನ್ನು ಈ ನಾಡಿನ ಹಾಡಿನ ಧಾಟಿಯಲ್ಲಿ ‘ಕಥಾಮಾಲೆ’ಯಾಗಿ ಬರೆದರು. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಜೈನ, ವೀರಶೈವ, ವೈದಿಕ ಅಂತ ಭೇದ ಮಾಡದೆ ಹಳೆಯ ಕೃತಿಗಳಿಂದ ಪದ ಆಯ್ದರು.

ಬದುಕು ಸುಲಭವಿರಲಿಲ್ಲ. ಮೊದಲ ಹೆಂಡತಿ ಪೌಲೀನಾ ಮದುವೆಯಾದ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಆರೋಗ್ಯ ಕೆಟ್ಟಿತು, ಕಣ್ಣು ಸೋತವು. ಜರ್ಮನಿಗೆ ಹೋದವರು ನಿಘಂಟಿಗಾಗಿಯೇ 1883ರಲ್ಲಿ, ಐವತ್ತು ದಾಟಿದ ಮೇಲೆ, ಮತ್ತೆ ಹಡಗು ಹತ್ತಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು: 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಪದ. 1903ರಲ್ಲಿ ಕನ್ನಡ ವ್ಯಾಕರಣವನ್ನೂ ಪ್ರಕಟಿಸಿ, ಅದೇ ವರ್ಷ ಡಿಸೆಂಬರಿನಲ್ಲಿ ಟ್ಯೂಬಿಂಗೆನ್‌ನಲ್ಲಿ ಕಣ್ಣುಮುಚ್ಚಿದರು.

ಅವರನ್ನು ನಾವು ನೆನೆಯೋದು ನಿಘಂಟಿನಿಂದ. ಆದರೆ ಆ ನಿಘಂಟಿನ ಬೇರು ಅವರ ನಂಬಿಕೆಯಲ್ಲೇ ಇತ್ತು ಅನ್ನೋದನ್ನ ಮರೀಬಾರದು. ವಾಕ್ಯಕ್ಕೆ ತೆರೆದುಕೊಳ್ಳುವ ಹೃದಯ ಬೇರೆಯವರಲ್ಲಿ ಇರಲಿ ಅಂತ ಬಯಸಿ ಬಂದವರು, ಆ ಹದವನ್ನು ಮೊದಲು ತಮ್ಮೊಳಗೇ ಮಾಡಿಕೊಂಡರು. ಎಷ್ಟು ಜನ ಅವರ ಉಪದೇಶ ಒಪ್ಪಿದರು ಅನ್ನೋ ಲೆಕ್ಕದಲ್ಲಿ ನೋಡಿದ್ರೆ ಅವರ ಬದುಕು ನಮಗೆ ಅರ್ಥವಾಗೋದಿಲ್ಲ.

ನಾವೋ, ಎದುರಿನವರು ಮಾತು ಮುಗಿಸೋಕೆ ಮುಂಚೆಯೇ ಉತ್ತರ ರೆಡಿ ಮಾಡಿಟ್ಟುಕೊಳ್ಳೋರು. ನಮ್ಮ ನಂಬಿಕೆ ಯಾವುದೇ ಇರಲಿ, ಕಿಟೆಲ್ಲರಿಂದ ಕಲಿಯೋದು ಒಂದಿದೆ: ಬಿತ್ತೋ ಅವಸರ ಬೇಡ, ಮೊದಲು ನಮ್ಮ ಹೊಲ ಹಸನು ಮಾಡಿಕೊಳ್ಳೋಣ.