ಒಂದು ರಾತ್ರಿ, ಮೂರು ಸಾವು: ವೆಲ್ಲೂರು ಆಸ್ಪತ್ರೆ ಕಟ್ಟಿದ ಡಾ. ಐಡಾ ಸ್ಕಡರ್

ದೊಡ್ಡ ಕಾಯಿಲೆ ಅಂದ್ರೆ ವೆಲ್ಲೂರಿಗೆ ಕರ್ಕೊಂಡು ಹೋಗಿ ಅನ್ನೋ ಮಾತು ಎಷ್ಟೋ ಮನೆಗಳಲ್ಲಿ ಕೇಳಿಬರುತ್ತೆ. ಆ ಸಿಎಂಸಿ ಆಸ್ಪತ್ರೆ ಕಟ್ಟಿದವರು ಡಾ. ಐಡಾ ಸ್ಕಡರ್.

1870ರಲ್ಲಿ ಹುಟ್ಟಿದ ಐಡಾಗೆ ಅಪ್ಪನಂತೆ ಮಿಷನ್ ಡಾಕ್ಟರ್ ಆಗೋ ಮನಸ್ಸೇ ಇರಲಿಲ್ಲ. ಆದರೆ ತಿಂಡಿವನಂನಲ್ಲಿ ಒಂದೇ ರಾತ್ರಿ ಮೂವರು ಗಂಡಂದಿರು ಹೆಂಡತಿಯ ಹೆರಿಗೆಗೆ ಸಹಾಯ ಕೇಳಿ ಬಂದರು. ಗಂಡಸು ಡಾಕ್ಟರ್ ಮಾತ್ರ ಬೇಡ ಅಂದರು. ಐಡಾಗೆ ವೈದ್ಯ ಗೊತ್ತಿರಲಿಲ್ಲ. ಬೆಳಗಾಗೋ ಹೊತ್ತಿಗೆ ಮೂವರು ಹೆಣ್ಣುಮಕ್ಕಳೂ ತೀರಿಕೊಂಡಿದ್ದರು.

ಐಡಾ ಅಮೆರಿಕಕ್ಕೆ ಹೋಗಿ 1899ರಲ್ಲಿ ಡಾಕ್ಟರ್ ಆಗಿ, ವೆಲ್ಲೂರಿಗೆ ಬಂದು ನಿಂತರು. ಶುರುವಿನಲ್ಲಿ ಕೈಜೋಡಿಸಿದ್ದು ಮನೆಕೆಲಸದವರ ಹೆಂಡತಿ ಸಲೋಮಿ. 1902ರಲ್ಲಿ 40 ಹಾಸಿಗೆಯ ಆಸ್ಪತ್ರೆ ಆಯ್ತು. ರೋಗಿಗಳು ಹೆಚ್ಚಿದಂತೆ ಇದು ಒಬ್ಬರ ಕೈಲಿ ಆಗೋ ಕೆಲಸ ಅಲ್ಲ ಅಂತ ಅರಿತ ಅವರು, 1909ರಲ್ಲಿ ನರ್ಸಿಂಗ್ ಶಾಲೆ, 1918ರಲ್ಲಿ ಹೆಣ್ಣುಮಕ್ಕಳ ವೈದ್ಯಕೀಯ ಶಾಲೆ ತೆರೆದರು. ಗಂಡಸರೇ ಫೇಲಾಗೋ ಪರೀಕ್ಷೇಲಿ ಇವರೇನು ಪಾಸಾದಾರು ಅನ್ನೋ ಅನುಮಾನ ಅಧಿಕಾರಿಗಳಿಗಿತ್ತು. 1922ರಲ್ಲಿ ಮೊದಲ ತಂಡದ 14 ಮಂದಿ ಡಾಕ್ಟರಾಗಿ ಹೊರಬಂದರು.

ಐಡಾ 1960ರಲ್ಲಿ, 89ನೇ ವಯಸ್ಸಿನಲ್ಲಿ ಕೊಡೈಕೆನಾಲ್‌ನಲ್ಲಿ ತೀರಿಕೊಂಡರು. ಅವರು ತಯಾರು ಮಾಡಿದ ಡಾಕ್ಟರು, ನರ್ಸುಗಳಿಂದ ಆಸ್ಪತ್ರೆ ಮುಂದುವರಿಯಿತು.