ಕ್ಯಾನ್ಸರ್ ಕೋಶದ ಹಸಿವು ಅಳೆದ ಒಟ್ಟೊ ವಾರ್ಬರ್ಗ್: ಹಿಟ್ಲರ್ ಕಾಲದಲ್ಲೂ ಬರ್ಲಿನ್ ಬಿಡದ ವಿಜ್ಞಾನಿ

ಪೆಟ್ ಸ್ಕ್ಯಾನ್ ಮಾಡಿಸುವವರಿಗೆ ಕೆಲವು ಗಂಟೆ ಏನೂ ತಿನ್ನಬೇಡಿ ಎನ್ನುತ್ತಾರೆ. ಬಳಿಕ ವಿಕಿರಣಶೀಲ ಅಂಶ ಸೇರಿಸಿದ, ಗ್ಲೂಕೋಸ್‌ನಂಥದ್ದೇ ವಸ್ತುವೊಂದನ್ನು ಇಂಜೆಕ್ಷನ್ ಮೂಲಕ ಕೊಡುತ್ತಾರೆ. ಹಲವು ಬಗೆಯ ಕ್ಯಾನ್ಸರ್ ಗಡ್ಡೆಗಳು ಅದನ್ನು ಹೆಚ್ಚು ಹೀರಿಕೊಂಡು ಪರದೆಯ ಮೇಲೆ ಹೊಳೆಯುತ್ತವೆ. ಗಡ್ಡೆಗೆ ಸಕ್ಕರೆಯ ಮೇಲೆ ಇಷ್ಟೊಂದು ಹಸಿವಿದೆ ಎಂದು ನೂರು ವರ್ಷಗಳ ಹಿಂದೆಯೇ ಅಳೆದು ತೋರಿಸಿದವರು ಜರ್ಮನಿಯ ಒಟ್ಟೊ ವಾರ್ಬರ್ಗ್.

1883ರ ಅಕ್ಟೋಬರ್ 8ರಂದು ಫ್ರೈಬರ್ಗ್‌ನಲ್ಲಿ ಜನನ. ತಂದೆ ಎಮಿಲ್ ವಾರ್ಬರ್ಗ್ ಹೆಸರಾಂತ ಭೌತವಿಜ್ಞಾನಿ, ಯಹೂದಿ ಮೂಲದವರು. ತಾಯಿ ಪ್ರೊಟೆಸ್ಟಂಟ್. ಮಗ ಬರ್ಲಿನ್‌ನಲ್ಲಿ ಎಮಿಲ್ ಫಿಷರ್ ಅವರ ಬಳಿ ರಸಾಯನಶಾಸ್ತ್ರ ಓದಿ, ಹೈಡಲ್‌ಬರ್ಗ್‌ನಲ್ಲಿ ವೈದ್ಯಕೀಯ ಪದವಿಯನ್ನೂ ಪಡೆದರು. ಮೊದಲ ಮಹಾಯುದ್ಧದಲ್ಲಿ ಅಶ್ವದಳ ಸೇರಿದ್ದ ಅವರಿಗೆ, ಯುದ್ಧಭೂಮಿ ಬಿಟ್ಟು ಲ್ಯಾಬ್‌ಗೆ ಮರಳುವಂತೆ 1918ರಲ್ಲಿ ಪತ್ರ ಬರೆದವರು ಸ್ವತಃ ಐನ್‌ಸ್ಟೈನ್.

ಮರಳಿದ ಮೇಲೆ ಶುರುವಾಗಿದ್ದು ಅಸಲಿ ಕೆಲಸ. ಜೀವಕೋಶ ಏನನ್ನು ಉರಿಸಿ ಶಕ್ತಿ ಪಡೆಯುತ್ತದೆ ಎಂಬುದನ್ನು ಅಳೆಯುವುದು ಹೇಗೆ? ವಾರ್ಬರ್ಗ್ ಇಲಿಯ ಅಂಗಾಂಶವನ್ನು ಅರ್ಧ ಮಿಲಿಮೀಟರ್‌ಗಿಂತ ತೆಳುವಾದ ಬಿಲ್ಲೆಗಳಾಗಿ ಕತ್ತರಿಸಿದರು. ಅದಕ್ಕಿಂತ ದಪ್ಪವಾದರೆ ಒಳಗಿನ ಕೋಶಗಳಿಗೆ ಆಮ್ಲಜನಕ ತಲುಪುವುದಿಲ್ಲ. ಬಿಲ್ಲೆಯನ್ನು ಪುಟ್ಟ ಗಾಜಿನ ಪಾತ್ರೆಯಲ್ಲಿಟ್ಟು, ಬೆಚ್ಚಗಿನ ನೀರಿನಲ್ಲಿ ಅಲುಗಾಡಿಸುತ್ತಾ, ಒತ್ತಡ ಅಳೆಯುವ ಮಾನೋಮೀಟರ್‌ಗೆ ಜೋಡಿಸಿದರು. ಹೊರಬರುವ ಇಂಗಾಲದ ಡೈಆಕ್ಸೈಡನ್ನು ಕ್ಷಾರ ಹೀರಿಕೊಂಡರೆ, ಒತ್ತಡದ ಇಳಿಕೆಯೇ ಕೋಶ ಬಳಸಿದ ಆಮ್ಲಜನಕದ ಲೆಕ್ಕ. ದ್ರಾವಣದಲ್ಲಿ ಬೈಕಾರ್ಬೊನೇಟ್ ಇದ್ದರೆ, ಕೋಶ ಉಗುಳುವ ಲ್ಯಾಕ್ಟಿಕ್ ಆಮ್ಲ ಅನಿಲವನ್ನು ಹೊರಡಿಸಿ ಒತ್ತಡ ಏರಿಸುತ್ತದೆ. ಸರಳ ಉಪಾಯ, ಆದರೆ ಎಷ್ಟು ತಾಳ್ಮೆ ಬೇಕಿತ್ತೋ!

1920ರ ದಶಕದಲ್ಲಿ ಬಂದ ಫಲಿತಾಂಶ ವಿಚಿತ್ರವಾಗಿತ್ತು. ಆಮ್ಲಜನಕ ಧಾರಾಳವಾಗಿದ್ದರೂ ಗಡ್ಡೆಯ ಕೋಶಗಳು ಗ್ಲೂಕೋಸನ್ನು ಪೂರ್ತಿ ಉರಿಸದೆ ಲ್ಯಾಕ್ಟಿಕ್ ಆಮ್ಲವಾಗಿಸಿ ಬಿಡುತ್ತಿದ್ದವು. ಈ ದಾರಿಯಲ್ಲಿ ಒಂದು ಗ್ಲೂಕೋಸ್ ಅಣುವಿನಿಂದ ಸಿಗುವುದು ಎರಡೇ ಎಟಿಪಿ. ಪೂರ್ತಿ ಉರಿಸಿದರೆ ಸುಮಾರು 30. ಇಂದಿಗೂ ಇದು ವಾರ್ಬರ್ಗ್ ಪರಿಣಾಮ ಎಂದೇ ಪ್ರಸಿದ್ಧ.

ಕ್ಯಾನ್ಸರ್‌ನ ಕಾರಣ ಕಂಡುಹಿಡಿದಿದ್ದಕ್ಕೆ ಅವರಿಗೆ ನೊಬೆಲ್ ಸಿಕ್ಕಿತು ಎನ್ನುವ ವಾಟ್ಸ್ಆ್ಯಪ್ ಸಂದೇಶ ನಿಮಗೂ ಬಂದಿರಬಹುದು. ಅದು ತಪ್ಪು. 1931ರ ನೊಬೆಲ್ ಸಿಕ್ಕಿದ್ದು ಕೋಶದ ಉಸಿರಾಟದ ಕಿಣ್ವದ ಕುರಿತ ಸಂಶೋಧನೆಗೆ. ಸಕ್ಕರೆ ಬಿಟ್ಟರೆ ಗಡ್ಡೆ ಉಪವಾಸ ಸಾಯುತ್ತದೆ ಎನ್ನುವುದೂ ಅವರ ಅಳತೆಗಳಿಂದ ಸಾಬೀತಾಗುವುದಿಲ್ಲ; ನಾವು ತಿನ್ನದಿದ್ದರೂ ಯಕೃತ್ತು ಗ್ಲೂಕೋಸ್ ತಯಾರಿಸುತ್ತಲೇ ಇರುತ್ತದೆ.

1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದರು. ವಾರ್ಬರ್ಗ್ ಬಳಿ ಮಾನೋಮೀಟರ್ ವಿದ್ಯೆ ಕಲಿತಿದ್ದ ಯಹೂದಿ ವೈದ್ಯ ಹ್ಯಾನ್ಸ್ ಕ್ರೆಬ್ಸ್ ಕೆಲಸ ಕಳೆದುಕೊಂಡು ಇಂಗ್ಲೆಂಡ್‌ಗೆ ಹೋಗಬೇಕಾಯಿತು. ಗುರು ಮಾತ್ರ ಬರ್ಲಿನ್‌ನ ಡಾಲೆಮ್‌ನಲ್ಲಿದ್ದ ತಮ್ಮ ಸಂಸ್ಥೆ ಬಿಟ್ಟು ಕದಲಲಿಲ್ಲ. 1941ರಲ್ಲಿ ಅವರನ್ನೂ ವಜಾ ಮಾಡಲಾಯಿತು. ಕೆಲವೇ ವಾರಗಳಲ್ಲಿ ಹಿಟ್ಲರ್ ಕಚೇರಿಯಿಂದಲೇ ಆದೇಶ ಬಂದು ಮರುನೇಮಕವಾಯಿತು, ಕ್ಯಾನ್ಸರ್ ಸಂಶೋಧನೆ ಮುಂದುವರಿಸಬೇಕು ಎಂಬ ಷರತ್ತಿನೊಂದಿಗೆ. ಸ್ತನ ಕ್ಯಾನ್ಸರ್‌ನಿಂದ ತಾಯಿಯನ್ನು ಕಳೆದುಕೊಂಡಿದ್ದ ಹಿಟ್ಲರ್‌ಗೆ ಆ ರೋಗದ ಭಯವಿತ್ತು ಎನ್ನುತ್ತಾರೆ. ಸಹೋದ್ಯೋಗಿಗಳು ದೇಶ ಬಿಟ್ಟು ಓಡುತ್ತಿದ್ದಾಗ ಅದೇ ಆಡಳಿತದ ನೆರಳಲ್ಲಿ ಪ್ರಯೋಗ ಮುಂದುವರಿಸಿದ್ದು ಧೈರ್ಯವೋ ಸ್ವಾರ್ಥವೋ? ಎರಡೂ ಇತ್ತು ಎನಿಸುತ್ತದೆ. ವಿಜ್ಞಾನದ ಮುಂದೆ ಅವರಿಗೆ ಬೇರಾವುದೂ ದೊಡ್ಡದಾಗಿ ಕಂಡಂತಿಲ್ಲ.

ಅದೇ ಹಟ ಅವರನ್ನು ದಾರಿ ತಪ್ಪಿಸಿತು ಕೂಡ. ಕೋಶದ ಉಸಿರಾಟ ಕೆಡುವುದೇ ಕ್ಯಾನ್ಸರ್‌ನ ಮೂಲ ಎಂದು ಅವರು ಕೊನೆಯವರೆಗೂ ವಾದಿಸಿದರು. ಅನೇಕ ಗಡ್ಡೆಗಳಲ್ಲಿ ಉಸಿರಾಟ ಚೆನ್ನಾಗಿಯೇ ನಡೆಯುತ್ತದೆ ಎಂದು 1950ರ ದಶಕದಲ್ಲೇ ಇತರರು ತೋರಿಸಿದರೂ ಒಪ್ಪಲಿಲ್ಲ. ಮುಂದೆ ಜೀನ್‌ಗಳ ರೂಪಾಂತರವೇ ಮುಖ್ಯ ಕಾರಣವೆಂದು ತಿಳಿಯಿತು. ಅವರ ಅಳತೆ ಉಳಿಯಿತು, ಅರ್ಥೈಸಿದ್ದು ಉಳಿಯಲಿಲ್ಲ.

ಇತ್ತ ಕ್ರೆಬ್ಸ್ ಅದೇ ಮಾನೋಮೀಟರ್ ವಿಧಾನದಿಂದ 1937ರಲ್ಲಿ ಶೆಫೀಲ್ಡ್‌ನಲ್ಲಿ ಸಿಟ್ರಿಕ್ ಆಮ್ಲ ಚಕ್ರವನ್ನು ಕಂಡುಹಿಡಿದು 1953ರಲ್ಲಿ ನೊಬೆಲ್ ಪಡೆದರು. ವಾರ್ಬರ್ಗ್ 1970ರ ಆಗಸ್ಟ್ 1ರಂದು, 86ನೇ ವಯಸ್ಸಿನಲ್ಲಿ ಬರ್ಲಿನ್‌ನಲ್ಲಿ ನಿಧನರಾದರು. ಆಮೇಲೆ ಅವರ ಜೀವನಚರಿತ್ರೆ ಬರೆದದ್ದು, ದೇಶ ಬಿಡಬೇಕಾಗಿ ಬಂದಿದ್ದ ಅದೇ ಶಿಷ್ಯ ಕ್ರೆಬ್ಸ್.