ಸ್ವಂತ ಜನರ ವಿರುದ್ಧ ತೀರ್ಪು ಬರೆದ ಜಡ್ಜ್ ವೇಟೀಸ್ ವೇರಿಂಗ್

ಅಮೆರಿಕದ ಸೌತ್ ಕ್ಯಾರೊಲಿನಾ ರಾಜ್ಯದ ಕರಾವಳಿಯಲ್ಲಿ ಚಾರ್ಲ್ಸ್‌ಟನ್ ಎಂಬ ಹಳೆಯ ಬಂದರು ಪಟ್ಟಣವಿದೆ. ಆಫ್ರಿಕಾದಿಂದ ಹಿಡಿದು ತಂದ ಗುಲಾಮರನ್ನು ಹಡಗಿನಿಂದ ಇಳಿಸಿ ಮಾರುತ್ತಿದ್ದ ಊರು ಅದು. ಗುಲಾಮಗಿರಿಯ ವಿಷಯದಲ್ಲಿ ಉತ್ತರ ಮತ್ತು ದಕ್ಷಿಣ ಅಮೆರಿಕನ್ನರ ನಡುವೆ ನಡೆದ ಅಂತರ್ಯುದ್ಧ 1861ರಲ್ಲಿ ಶುರುವಾದದ್ದೂ ಅದೇ ಬಂದರಿನಲ್ಲಿ. ಆ ಊರಿನಲ್ಲಿ ಎಂಟು ತಲೆಮಾರಿನಿಂದ ಬಾಳಿದ್ದ ಬಿಳಿಯರ ಮನೆತನದಲ್ಲಿ 1880ರ ಜುಲೈ 27ರಂದು ವೇಟೀಸ್ ವೇರಿಂಗ್ ಹುಟ್ಟಿದರು. ಅವರ ತಂದೆ ದಕ್ಷಿಣದವರ ಪರವಾಗಿ ಯುದ್ಧ ಮಾಡಿದವರು.

ವೇರಿಂಗ್ ಊರಿನ ಕಾಲೇಜಿನಲ್ಲೇ ಕಲಿತು, 1902ರಲ್ಲಿ ವಕೀಲರಾದರು. ಮದುವೆ, ಮಗಳು, ಒಳ್ಳೆಯ ಪ್ರಾಕ್ಟೀಸ್, ದೊಡ್ಡವರ ಕ್ಲಬ್ಬು ಎಲ್ಲವೂ ಇತ್ತು. ನಗರಾಡಳಿತದ ವಕೀಲರೂ ಆದರು. ಕಪ್ಪು ಜನರ ದ್ವೇಷವನ್ನೇ ಬಂಡವಾಳ ಮಾಡಿಕೊಂಡಿದ್ದ ಸೆನೆಟರ್ ಎಲಿಸನ್ ಸ್ಮಿತ್‌ಗೆ 1938ರ ಚುನಾವಣೆಯಲ್ಲಿ ಊರಲ್ಲಿ ನಿಂತು ಕೆಲಸ ಮಾಡಿದವರೂ ಇವರೇ. ಅಂದರೆ ಅರುವತ್ತು ವರ್ಷದವರೆಗೆ ಇವರು ಬೇರೆ ಬಿಳಿಯರ ಹಾಗೆಯೇ ಇದ್ದರು. ಬಸ್ಸು, ಶಾಲೆ, ಆಸ್ಪತ್ರೆ, ಕುಡಿಯುವ ನೀರಿನ ನಲ್ಲಿ ಎಲ್ಲವೂ ಕಪ್ಪು ಜನರಿಗೆ ಬೇರೆ ಇದ್ದ ಕಾಲ. ಅದು ತಪ್ಪು ಅಂತ ಇವರಿಗೆ ಅನಿಸಿರಲಿಲ್ಲ.

1942ರ ಜನವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಇವರನ್ನು ಫೆಡರಲ್ ಜಡ್ಜ್ ಮಾಡಿದರು. ಅಲ್ಲಿ ರಾಜ್ಯಗಳ ಕೋರ್ಟು ಬೇರೆ, ಇಡೀ ದೇಶದ ಸರಕಾರದ ಕೋರ್ಟು ಬೇರೆ. ಈ ಎರಡನೆಯದೇ ಫೆಡರಲ್ ಕೋರ್ಟು. ಅದರ ಜಡ್ಜನ್ನು ಅಧ್ಯಕ್ಷರು ಹೆಸರಿಸಬೇಕು, ಸೆನೆಟ್ ಒಪ್ಪಬೇಕು. ಒಮ್ಮೆ ಕೂತರೆ ಜೀವಮಾನವಿಡೀ ಹುದ್ದೆ. ಮಹಾಭಿಯೋಗ ಮಾಡಿಯೇ ಇಳಿಸಬೇಕು, ಓಟಿನಿಂದ ಆಗುವುದಿಲ್ಲ. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಕುರ್ಚಿಯಲ್ಲಿ ಕೂತ ಮೇಲೆ ಆ ಮನುಷ್ಯನಿಗೆ ಕಣ್ಣು ಬಿಡಲು ಶುರುವಾಯಿತು. 1944ರಲ್ಲಿ ಕಪ್ಪು ಟೀಚರ್‌ಗಳಿಗೂ ಬಿಳಿ ಟೀಚರ್‌ಗಳಷ್ಟೇ ಸಂಬಳ ಕೊಡಬೇಕೆಂಬ ಆದೇಶ ಇವರ ಕೋರ್ಟಿನಿಂದ ಬಂತು. ತಮ್ಮ ಕೋರ್ಟಿನಲ್ಲಿ ಬಣ್ಣ ನೋಡಿ ಕೂರಿಸುವ ಪದ್ಧತಿಯನ್ನು ತೆಗೆದರು. ಕಪ್ಪು ಸಾಕ್ಷಿಗಳನ್ನೂ ಮಿಸ್ಟರ್, ಮಿಸೆಸ್ ಎಂದೇ ಕರೆಯಬೇಕು ಅಂದರು. ನಮಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಅಲ್ಲಿ ಎಪ್ಪತ್ತು ವರ್ಷದ ಕಪ್ಪು ಮುದುಕನನ್ನೂ ಹುಡುಗ ಅಂತಲೇ ಕರೆಯುತ್ತಿದ್ದರು.

1946ರ ಫೆಬ್ರವರಿಯಲ್ಲಿ ಐಸಾಕ್ ವುಡಾರ್ಡ್ ಎಂಬ ಕಪ್ಪು ಸೈನಿಕ ಮಹಾಯುದ್ಧ ಮುಗಿಸಿ, ಸಮವಸ್ತ್ರದಲ್ಲೇ ಬಸ್ಸಿನಲ್ಲಿ ಊರಿಗೆ ಹೊರಟಿದ್ದ. ಮೂತ್ರಕ್ಕೆ ಬಸ್ ನಿಲ್ಲಿಸುವ ವಿಷಯದಲ್ಲಿ ಡ್ರೈವರ್ ಜೊತೆ ಮಾತು ಬೆಳೆಯಿತು. ಬೇಟ್ಸ್‌ಬರ್ಗ್ ಎಂಬಲ್ಲಿ ಅವನನ್ನು ಕೆಳಗಿಳಿಸಿ ಪೊಲೀಸರಿಗೆ ಒಪ್ಪಿಸಿದರು. ಪೊಲೀಸ್ ಮುಖ್ಯಸ್ಥ ಲಿನ್‌ವುಡ್ ಶಲ್ ಹೊಡೆದ ಹೊಡೆತಕ್ಕೆ ಅವನ ಎರಡೂ ಕಣ್ಣು ಹೋದವು. ಅಧ್ಯಕ್ಷ ಟ್ರೂಮನ್ ಕೇಸು ಹಾಕಿಸಿದರು, ನವೆಂಬರಿನಲ್ಲಿ ಅದು ವೇರಿಂಗ್ ಮುಂದೆ ಬಂತು. ಸರಕಾರಿ ವಕೀಲರು ಸರಿಯಾಗಿ ವಾದಿಸಲಿಲ್ಲ. ಎಲ್ಲ ಬಿಳಿಯರೇ ಇದ್ದ ಜ್ಯೂರಿ ಅರ್ಧ ಗಂಟೆಯೊಳಗೆ ಶಲ್ ನಿರಪರಾಧಿ ಅಂದಿತು. ಜ್ಯೂರಿ ಐದೇ ನಿಮಿಷಕ್ಕೆ ಹೊರಬಂದು ಕೋರ್ಟಿನ ಮಾನ ಕಳೆಯಬಾರದು ಅಂತ ವೇರಿಂಗ್ ಬೇಕೆಂದೇ ಎದ್ದು ವಾಕಿಂಗ್ ಹೋಗಿದ್ದರು. ಕೋರ್ಟಿನಲ್ಲಿ ಕೂತಿದ್ದ ಪತ್ನಿ ಎಲಿಜಬೆತ್ ಅಳುತ್ತಾ ಹೊರಬಂದರು. ಆಮೇಲೆ ಗಂಡ ಹೆಂಡತಿ ಇಬ್ಬರೂ ರಾತ್ರಿ ಕೂತು ದಕ್ಷಿಣದ ಚರಿತ್ರೆ, ವರ್ಣಭೇದದ ಬಗ್ಗೆ ಪುಸ್ತಕ ಓದಲು ಶುರು ಮಾಡಿದರು.

ಎಲಿಜಬೆತ್ ಅವರ ಎರಡನೇ ಪತ್ನಿ, ಉತ್ತರದವರು. ಮೂವತ್ತು ವರ್ಷ ದಾಟಿದ ಮೊದಲ ಮದುವೆಯನ್ನು ಮುರಿದು 1945ರಲ್ಲಿ ಇವರನ್ನು ಮದುವೆಯಾಗಿದ್ದರಿಂದ ಊರಿನ ದೊಡ್ಡ ಮನೆಗಳ ಬಾಗಿಲು ಮುಚ್ಚಿದ್ದು ನಿಜ. ಆ ಸಿಟ್ಟಿಗೇ ವೇರಿಂಗ್ ತಿರುಗಿಬಿದ್ದರು ಅಂತ ಚಾರ್ಲ್ಸ್‌ಟನ್‌ನಲ್ಲಿ ಮಾತಿತ್ತು. ನನಗೆ ಇದು ಸರಿ ಕಾಣುವುದಿಲ್ಲ. ಟೀಚರ್‌ಗಳ ಸಂಬಳದ ಆದೇಶ ಅದಕ್ಕಿಂತ ಒಂದು ವರ್ಷ ಮೊದಲಿನದು, ತಾರೀಕು ನೋಡಿದರೆ ಸಾಕು.

1947ರಲ್ಲಿ ಓಟಿನ ಕೇಸು ಬಂತು. ಆ ರಾಜ್ಯದಲ್ಲಿ ಡೆಮಾಕ್ರಟಿಕ್ ಪಕ್ಷದ ಒಳಚುನಾವಣೆ ಗೆದ್ದವನೇ ಗೆದ್ದ ಹಾಗೆ. ಕಪ್ಪು ಜನರನ್ನು ಅದರಿಂದ ಹೊರಗಿಡಲು, ಪಕ್ಷವೆಂಬುದು ಖಾಸಗಿ ಕ್ಲಬ್ಬು, ಯಾರನ್ನು ಸೇರಿಸಬೇಕೆಂಬುದು ನಮ್ಮ ಇಷ್ಟ ಎಂಬ ಉಪಾಯ ಹೂಡಿದ್ದರು. ಜಾರ್ಜ್ ಎಲ್ಮೋರ್ ಎಂಬಾತ ಕೋರ್ಟಿಗೆ ಹೋದ. ವೇರಿಂಗ್ ಆ ಉಪಾಯವನ್ನು ತಳ್ಳಿಹಾಕಿದರು. ಮರುವರ್ಷ ಪಕ್ಷದವರು ಮತ್ತೆ ಅಡ್ಡದಾರಿ ಹಿಡಿದಾಗ, ಆದೇಶ ಮೀರಿದವರಿಗೆ ದಂಡವಲ್ಲ, ಜೈಲು ಅಂತ ಎಚ್ಚರಿಸಿದರು. 1948ರ ಆಗಸ್ಟಿನಲ್ಲಿ ಕಪ್ಪು ಜನರು ಸಾವಿರಾರು ಸಂಖ್ಯೆಯಲ್ಲಿ ಸಾಲು ನಿಂತು ಓಟು ಹಾಕಿದರು.

ಅಲ್ಲಿಂದ ಮುಂದೆ ಬಹಿಷ್ಕಾರ ಪೂರ್ತಿಯಾಯಿತು. ಕರೆಯೋಲೆಯಿಲ್ಲ, ದಾರಿಯಲ್ಲಿ ಕಂಡರೆ ಮಾತಿಲ್ಲ. ಮದುವೆಗೆ ಕರೆಯದಿದ್ದರೆ ಎಷ್ಟು ನೋವಾಗುತ್ತದೆ ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಊರಿನ ಪತ್ರಿಕೆಯಲ್ಲಿ ಸಂಪಾದಕನಾಗಿದ್ದವನು ಇವರ ಸ್ವಂತ ಅಣ್ಣನ ಮಗ, ಪತ್ರಿಕೆ ಮಾತ್ರ ಇವರ ವಿರುದ್ಧ. ಮಹಾಭಿಯೋಗಕ್ಕೆ ಸಹಿ ಸಂಗ್ರಹ ನಡೆಯಿತು. 1950ರಲ್ಲಿ ಮನೆಯ ಮುಂದೆ ಶಿಲುಬೆ ಸುಟ್ಟರು, ಅಕ್ಟೋಬರಿನಲ್ಲಿ ಕಿಟಕಿಗೆ ಕಲ್ಲು ಬಿತ್ತು. ಕೊನೆಗೆ ಸರಕಾರ ಮನೆಗೆ ಹಗಲು ರಾತ್ರಿ ಕಾವಲು ಹಾಕಬೇಕಾಯಿತು. ಆದರೆ ಕುರ್ಚಿಯಿಂದ ಇಳಿಸಲು ಯಾರಿಗೂ ಆಗಲಿಲ್ಲ.

ಅದೇ ವರ್ಷ ಕ್ಲಾರೆಂಡನ್ ಕೌಂಟಿಯ ಕೇಸು ಬಂತು. ಅಲ್ಲಿ ಬಿಳಿ ಮಕ್ಕಳಿಗೆ 30 ಶಾಲಾ ಬಸ್ಸು, ಕಪ್ಪು ಮಕ್ಕಳಿಗೆ ಒಂದೂ ಇಲ್ಲ. ಬಸ್ಸು ಕೇಳಲು ಹೋದ ಪೋಷಕರು ಕಡೆಗೆ ಸಮಾನ ಸೌಲಭ್ಯಕ್ಕಾಗಿ ಕೋರ್ಟು ಹತ್ತಿದರು. ಅರ್ಜಿಯಲ್ಲಿ ಮೊದಲ ಹೆಸರಿದ್ದ ಹ್ಯಾರಿ ಬ್ರಿಗ್ಸ್ ಪೆಟ್ರೋಲ್ ಪಂಪಿನ ಕೆಲಸ ಕಳಕೊಂಡ, ಹೆಂಡತಿಯ ಕೆಲಸವೂ ಹೋಯಿತು. ಅವರ ವಕೀಲ ಥರ್ಗುಡ್ ಮಾರ್ಷಲ್. ಪ್ರತ್ಯೇಕ ಶಾಲೆ ಇರಲಿ, ಆದರೆ ಸಮಾನವಾಗಿರಲಿ ಎಂಬುದಷ್ಟೇ ಕೇಸು. ವೇರಿಂಗ್ ಮಾರ್ಷಲ್‌ಗೆ, ಇಷ್ಟು ಸಾಲದು, ಪ್ರತ್ಯೇಕಿಸುವುದೇ ಸಂವಿಧಾನಕ್ಕೆ ವಿರುದ್ಧ ಅಂತ ಹೊಸ ಕೇಸು ಹಾಕಿ ಎಂದರು. ಇದರಲ್ಲಿ ಒಂದು ಲೆಕ್ಕಾಚಾರವಿತ್ತು. ಅಂಥ ಕೇಸನ್ನು ಮೂವರು ಜಡ್ಜರು ಕೂತು ಕೇಳಬೇಕು, ಅಪೀಲು ನೇರ ಸುಪ್ರೀಂ ಕೋರ್ಟಿಗೆ ಹೋಗುತ್ತದೆ. ಉಳಿದಿಬ್ಬರು ಒಪ್ಪುವವರಲ್ಲ ಅಂತ ವೇರಿಂಗ್‌ಗೆ ಗೊತ್ತಿತ್ತು. ಸೋಲುವ ಕೇಸನ್ನು ಗೊತ್ತಿದ್ದೇ ಹಾಕಿಸಿದರು.

1951ರ ಮೇ 28ರಂದು ವಿಚಾರಣೆ. ಹಳ್ಳಿಗಳಿಂದ ನೂರಾರು ಕಪ್ಪು ಜನರು ಬಂದು ಕೋರ್ಟಿನ ಹೊರಗೆ ಸಾಲು ನಿಂತರು, ಹೆಚ್ಚಿನವರಿಗೆ ಒಳಗೆ ಜಾಗವೇ ಸಿಗಲಿಲ್ಲ. ತೀರ್ಪು ಎರಡಕ್ಕೆ ಒಂದು. ಆ ಒಂದು ವೇರಿಂಗ್ ಅವರದು. ಸುಮಾರು 20 ಪುಟದ ಭಿನ್ನಮತದಲ್ಲಿ ಅವರು, ಮಕ್ಕಳನ್ನು ಬಣ್ಣದ ಮೇಲೆ ಬೇರೆ ಮಾಡುವುದೇ ಅಸಮಾನತೆ, ಕಟ್ಟಡ ಎಷ್ಟು ಚಂದ ಕಟ್ಟಿದರೂ ಅದು ಸರಿಯಾಗುವುದಿಲ್ಲ ಎಂದು ಬರೆದರು.

ಮರುವರ್ಷ ನಿವೃತ್ತಿ ಪಡೆದು, ಎಂಟು ತಲೆಮಾರಿನ ಊರು ಬಿಟ್ಟು ನ್ಯೂಯಾರ್ಕಿಗೆ ಹೋದರು. 1954ರ ಮೇ 17ರಂದು ಸುಪ್ರೀಂ ಕೋರ್ಟಿನ ಒಂಬತ್ತೂ ಜಡ್ಜರು ಒಟ್ಟಾಗಿ ಅದೇ ಮಾತು ಹೇಳಿದರು. ಬ್ರಿಗ್ಸ್ ಕೇಸೂ ಅದರಲ್ಲಿ ಸೇರಿತ್ತು. ಅಂದು ಸಂಜೆ ವೇರಿಂಗ್ ಅವರ ಫ್ಲ್ಯಾಟಿನಲ್ಲಿ ಗೆಳೆಯರೆಲ್ಲ ಸೇರಿ ಸಂಭ್ರಮಿಸಿದರು.

1968ರ ಜನವರಿ 11ರಂದು 87ನೇ ವಯಸ್ಸಿನಲ್ಲಿ ತೀರಿಕೊಂಡರು. ಮಣ್ಣು ಮಾಡಲು ಚಾರ್ಲ್ಸ್‌ಟನ್‌ಗೇ ತಂದರು. ಸುಮಾರು ಇನ್ನೂರು ಕಪ್ಪು ಜನರು ಬಂದಿದ್ದರು, ಬಿಳಿಯರು ಬೆರಳೆಣಿಕೆಯಷ್ಟು. 2015ರಲ್ಲಿ ಅಲ್ಲಿನ ಫೆಡರಲ್ ಕೋರ್ಟು ಕಟ್ಟಡಕ್ಕೆ ವೇರಿಂಗ್ ಹೆಸರಿಟ್ಟರು. ಮೊದಲು ಅದಕ್ಕೆ ಫ್ರಿಟ್ಜ್ ಹಾಲಿಂಗ್ಸ್ ಎಂಬ ಮಾಜಿ ಸೆನೆಟರ್ ಹೆಸರಿತ್ತು. ತೊಂಬತ್ತು ದಾಟಿದ್ದ ಹಾಲಿಂಗ್ಸ್ ಅವರೇ ತಮ್ಮ ಹೆಸರು ತೆಗೆದು ವೇರಿಂಗ್ ಹೆಸರು ಹಾಕಿ ಅಂತ ಕೇಳಿಕೊಂಡಿದ್ದರು.